ತುಕ್ಕಿನ ಮೇಲಿನ ಕಪ್ಪು ಚುಕ್ಕೆ

ಹೋದ ತಿಂಗಳು ಜೆ.ಪಿ. ನಗರದ ಕೊನೆಯಲ್ಲಿ, ಪುಟ್ಟೇನಹಳ್ಳಿ ಕೆರೆಯ ಕಡೆ ಇರುವ ಒಂದು ಅಪಾರ್ಟ್‌ಮೆಂಟಿಗೆ ಗೃಹಪ್ರವೇಶಕ್ಕೆ ಹೋಗಿದ್ದೆ. ಊಟ ಮುಗಿಸಿ ಆಟೋ ಕಾಯುತ್ತ ನಿಂತಿದ್ದಾಗ ತಳ್ಳುಗಾಡಿಯವನೊಬ್ಬ ಹಸಿ ಕಡಲೆಕಾಯಿಯನ್ನು ಗಿಡದ ಸಮೇತ ಕಟ್ಟು ಕಟ್ಟಿ ಮಾರುತ್ತಿದ್ದ. ಬೆಳಿಗ್ಗೆಯಷ್ಟೇ ಕಿತ್ತದ್ದಿರಬೇಕು, ಬೇರಿನ ಕೆಮ್ಮಣ್ಣು ಇನ್ನೂ ಒಣಗಿರಲಿಲ್ಲ. ಆ ಮಣ್ಣಿನ, ಬಾಡುತ್ತಿರುವ ಸೊಪ್ಪಿನ ವಾಸನೆ ಮೂಗಿಗೆ ಬಂದದ್ದೇ ತಡ, ನನ್ನ ಕೈ ತಾನಾಗಿ ಒಂದು ಎಲೆಯನ್ನು ಹಿಡಿದು ತಿರುಗಿಸಿತು. ಎಲೆಯ ತಳದಲ್ಲಿ ಕಿತ್ತಳೆ ಬಣ್ಣದ ಪುಡಿ. ಹೆಬ್ಬೆರಳಿಗೆ ಅಂಟಿಕೊಂಡಿತು. ತಗೊಳ್ಳಿ ಮೇಡಂ, ಎಳೇದು ಎಂದು ಗಾಡಿಯವನು ಹೇಳುತ್ತಿದ್ದ. ನಾನು ಬೆರಳನ್ನೇ ನೋಡುತ್ತ ನಿಂತಿದ್ದೆ.

ಎಪ್ಪತ್ತರ ದಶಕ ಮುಗಿದು ಎಂಬತ್ತು ಹಿಡಿಯುತ್ತಿದ್ದ ಕಾಲ ಅದು. ನನಗೆ ಇಪ್ಪತ್ತೆಂಟು ವರ್ಷ. ತಿಪಟೂರಿನಲ್ಲಿ ಅಣ್ಣನ ಮನೆಯಲ್ಲಿದ್ದ ಅಮ್ಮನನ್ನು ಬಿಟ್ಟು, ಬೆಂಗಳೂರಿನ ದಕ್ಷಿಣದ ಅಂಚಿನಲ್ಲಿದ್ದ ಒಂದು ಸಣ್ಣ ಸಂಶೋಧನಾ ಕೇಂದ್ರಕ್ಕೆ ಪಿಎಚ್.ಡಿ. ಮಾಡಲು ಬಂದಿದ್ದೆ. ಮದುವೆಯ ಮಾತು ಎರಡು ಮೂರು ಕಡೆ ನಡೆದು ನಿಂತುಹೋಗಿತ್ತು. ಓದಲಿ ಬಿಡು ಎಂದು ಅಣ್ಣನೇ ಕಳಿಸಿಕೊಟ್ಟ. ಅದರಲ್ಲಿ ಪ್ರೀತಿ ಎಷ್ಟಿತ್ತು, ಮನೆಯಲ್ಲಿ ಒಂದು ಚಿಂತೆ ಕಡಿಮೆಯಾಯಿತೆಂಬ ನಿರಾಳ ಎಷ್ಟಿತ್ತು ಎಂದು ನಾನು ಲೆಕ್ಕ ಹಾಕಲು ಹೋಗಲಿಲ್ಲ.

ರೂಮು ಸಿಕ್ಕಿದ್ದು ಜೆ.ಪಿ. ನಗರದಲ್ಲಿ. ಆಗ ಅಲ್ಲಿ ಸೈಟಿನ ಕಲ್ಲುಗಳು ಮನೆಗಳಿಗಿಂತ ಹೆಚ್ಚಿದ್ದವು. ಅಣ್ಣನ ಪರಿಚಯದವರೊಬ್ಬರು ಮನೆ ಕಟ್ಟಿಸಿ ಒಕ್ಕಲಾಗುವಷ್ಟರಲ್ಲಿ ಅವರಿಗೆ ದೆಹಲಿಗೆ ವರ್ಗವಾಗಿತ್ತು. ಕೆಳಗಿನ ಮನೆಗೆ ಬೀಗ, ಮಹಡಿಯ ಮೇಲಿನ ಒಂಟಿ ರೂಮಿನಲ್ಲಿ ನಾನು. ಅವರ ಮನೆಗೆ ಒಂದು ಕಾವಲೂ ಆಯಿತು, ನನಗೆ ಒಂದು ಸೂರೂ ಆಯಿತು. ಸಂಜೆ ಮೆಟ್ಟಿಲು ಹತ್ತುವಾಗ ಕೆಳಗಿನ ಕಿಟಕಿಯ ಗಾಜಿನಾಚೆ ಬಿಳಿ ಬಟ್ಟೆ ಹೊದಿಸಿದ ಕುರ್ಚಿಗಳು ಕಾಣುತ್ತಿದ್ದವು. ಪಕ್ಕದ ಮನೆ ಎಂದರೆ ಹಲವಾರು ಖಾಲಿ ಸೈಟುಗಳ ಆಚೆ. ಅಲ್ಲಿನ ರೇಡಿಯೋ, ಗಾಳಿ ಈ ಕಡೆ ಬೀಸಿದಾಗ ಮಾತ್ರ ಕೇಳುತ್ತಿತ್ತು. ವಾರ್ತೆ ಅರ್ಧ ಆಗುವಷ್ಟರಲ್ಲಿ ಗಾಳಿ ತಿರುಗಿದರೆ ಉಳಿದರ್ಧ ನನಗಿಲ್ಲ. ಭಾನುವಾರ ಬಸ್ಸಿನಲ್ಲಿ ಜಯನಗರದ ನಾಲ್ಕನೇ ಬ್ಲಾಕಿಗೆ ಹೋಗಿ ಒಬ್ಬಳಿಗೆ ಆಗುವಷ್ಟು ತರಕಾರಿ ತರುತ್ತಿದ್ದೆ. ಕಾಲು ಕೇಜಿ ಹುರುಳಿಕಾಯಿಗೂ ಚೌಕಾಸಿ ಮಾಡುತ್ತಿದ್ದೆ. ದುಡ್ಡು ಉಳಿಸುವುದಕ್ಕಲ್ಲ, ಯಾರ ಜೊತೆಗಾದರೂ ನಾಲ್ಕು ಮಾತಾಡುವುದಕ್ಕೆ.

ಕೇಂದ್ರದಲ್ಲಿ ನನ್ನ ಮಾರ್ಗದರ್ಶಕರು ಮೂರ್ತಿ ಸರ್. ಯಡಿಯೂರು ಕೆರೆಯ ಹತ್ತಿರ ಅವರ ಮನೆ. ನಿವೃತ್ತಿಗೆ ಸ್ವಲ್ಪವೇ ಕಾಲ ಉಳಿದಿತ್ತು. ಬೆಳೆಗಳಿಗೆ ಬರುವ ತುಕ್ಕು ರೋಗದ ಮೇಲೆ ಜೀವಮಾನವೆಲ್ಲ ಕೆಲಸ ಮಾಡಿದವರು. ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿ ಮುಚ್ಚಳದಲ್ಲಿ ನನಗೂ ಒಂದಿಷ್ಟು ಚಿತ್ರಾನ್ನವನ್ನೋ ಅವಲಕ್ಕಿಯನ್ನೋ ಇಡುತ್ತಿದ್ದರು. ನಮ್ಮ ಮನೆಯವಳು ನಿನಗೂ ಸೇರಿಸಿಯೇ ಹಾಕ್ತಾಳೆ ಅನ್ನುತ್ತಿದ್ದರು. ತಿನ್ನುತ್ತ ತಾವು ನೋಡಿದ ಹೊಲ, ಸುತ್ತಿದ ಊರುಗಳ ಮಾತು. ಇಡೀ ದಿನದಲ್ಲಿ ನನ್ನ ಹೆಸರು ಹಿಡಿದು ಕರೆಯುತ್ತಿದ್ದವರು ಅವರೊಬ್ಬರೇ. ಆ ಅರ್ಧ ಗಂಟೆಗಾಗಿ ನಾನು ಬೆಳಿಗ್ಗೆಯಿಂದ ಕಾಯುತ್ತಿದ್ದೆ ಎಂದು ಈಗ ಅನ್ನಿಸುತ್ತದೆ.

ನಮ್ಮ ಕೆಲಸವೇನೆಂದು ಹೇಳಬೇಕು. ತುಕ್ಕು ರೋಗ ತರುವುದು ಒಂದು ಶಿಲೀಂಧ್ರ, ಅಂದರೆ ಬೂಷ್ಟಿನ ಜಾತಿಯದು. ಎಲೆಯ ತಳದಲ್ಲಿ ಬೊಕ್ಕೆಯಾಗಿ ಎದ್ದು, ಒಡೆದು, ಕಬ್ಬಿಣದ ತುಕ್ಕಿನಂಥ ಪುಡಿ ಉದುರಿಸುತ್ತದೆ. ಆ ಪುಡಿ ಗಾಳಿಯಲ್ಲಿ ಹಾರಿ ಮುಂದಿನ ಗಿಡಕ್ಕೆ ಹತ್ತುತ್ತದೆ. ಎಲೆ ಸುಟ್ಟಂತಾಗಿ, ಕಾಳು ಸೊರಗುತ್ತದೆ. ಆದರೆ ಈ ತುಕ್ಕನ್ನೇ ತಿಂದು ಬದುಕುವ ಇನ್ನೊಂದು ಶಿಲೀಂಧ್ರ ಇದೆ. ಗಿಡದ ತಂಟೆಗೆ ಅದು ಹೋಗುವುದಿಲ್ಲ. ತುಕ್ಕಿನ ಬೊಕ್ಕೆಯೊಳಗೆ ಇಳಿದು ಅದರ ಪುಡಿಯನ್ನು ಮುಗಿಸಿ, ಮೇಲೆ ಗಸಗಸೆಗಿಂತಲೂ ಸಣ್ಣದಾದ, ಹೊಳೆಯುವ ಕಪ್ಪು ಚುಕ್ಕೆಗಳನ್ನು ಎಬ್ಬಿಸುತ್ತದೆ. ಕಿತ್ತಳೆ ಬಣ್ಣದ ನಡುವೆ ಆ ಕಪ್ಪು ಚುಕ್ಕೆಗಳನ್ನು ಭೂತಗನ್ನಡಿಯಲ್ಲಿ ಮೊದಲ ಸಲ ತೋರಿಸಿದಾಗ ಮೂರ್ತಿ ಸರ್ ಮುಖ ಹಬ್ಬದ ದಿನದ ಹಾಗಿತ್ತು.

ಇದೇ ಶಿಲೀಂಧ್ರ ಜೋಳದ ತುಕ್ಕಿನ ಮೇಲೆ, ಹುರುಳಿಕಾಯಿಯ ತುಕ್ಕಿನ ಮೇಲೆ, ಮಲ್ಲಿಗೆಯ ತುಕ್ಕಿನ ಮೇಲೆ, ಎಲ್ಲ ಕಡೆ ಸಿಗುತ್ತಿತ್ತು. ಸೂಕ್ಷ್ಮದರ್ಶಕದಲ್ಲಿ ಎಲ್ಲವೂ ಒಂದೇ ಥರ. ಪುಸ್ತಕದಲ್ಲಿ ಎಲ್ಲಕ್ಕೂ ಒಂದೇ ಹೆಸರು. ಹಾಗಾದರೆ ಚೆನ್ನಾಗಿ ಬೆಳೆಯುವ ಒಂದನ್ನು ಆರಿಸಿ, ರಾಶಿಯಾಗಿ ಬೆಳೆಸಿ, ಯಾವ ಬೆಳೆಗೆ ಬೇಕಾದರೂ ಸಿಂಪಡಿಸಬಹುದಲ್ಲ ಎಂಬುದು ಸರ್ ನಂಬಿಕೆ. ಆಗ ಕಡಲೆಕಾಯಿಗೆ ತುಕ್ಕು ಹೊಸದಾಗಿ ಬಂದಿತ್ತು. ಹಳಬರು ಕಂಡಿರದ ರೋಗ, ರೈತರು ಕಂಗಾಲಾಗಿದ್ದರು. ರಿಟೈರ್ ಆಗೋ ಮೊದಲು ಇದೊಂದು ಕೊಟ್ಟು ಹೋಗ್ತೀನಮ್ಮ ಎಂದು ಊಟದ ಹೊತ್ತಿನಲ್ಲಿ ಹೇಳುತ್ತಿದ್ದರು. ಜೋಳದ ತುಕ್ಕಿನಿಂದ ತೆಗೆದದ್ದು ಎಲ್ಲಕ್ಕಿಂತ ಸೊಗಸಾಗಿ, ಬೇಗ ಬೆಳೆಯುತ್ತಿತ್ತು. ಅದನ್ನೇ ಆರಿಸಿದರು. ಬೇಯಿಸಿದ ಜೋಳದ ಕಾಳು ತುಂಬಿದ ಸೀಸೆಗಳಲ್ಲಿ ಅದನ್ನು ಬೆಳೆಸುವುದು ಆ ಬೇಸಿಗೆಯ ನನ್ನ ಕೆಲಸ.

ಪ್ರಯೋಗಕ್ಕೆ ಹೊಲ ಕೊಟ್ಟವರು ರತ್ನಮ್ಮ. ಪುಟ್ಟೇನಹಳ್ಳಿ ಕೆರೆಯ ಮೇಲಿನ ಇಳಿಜಾರಿನಲ್ಲಿ ಅವರ ಹೊಲ. ಗಂಡ ತೀರಿಹೋಗಿ ಬಹಳ ವರ್ಷವಾಗಿತ್ತು, ಒಬ್ಬರೇ ಬೇಸಾಯ ಮಾಡಿಸುತ್ತಿದ್ದರು. ಆ ಹೊಲ ಬಡಾವಣೆಗೆ ಹೋಗುವುದೆಂದು ನೋಟಿಸು ಬಂದಿತ್ತು. ಅಲ್ಲಿ ಅವರದು ಅದೇ ಕೊನೆಯ ಬೆಳೆ. ಸುಗ್ಗಿ ಮುಗಿಸಿಕೊಂಡು ಆನೇಕಲ್ ಕಡೆ ತಂಗಿಯ ಊರಿಗೆ ಹೋಗಿ, ಅಲ್ಲಿ ಒಂದು ತುಂಡು ಜಮೀನು ಮಾಡಿಕೊಳ್ಳುವ ಯೋಚನೆ. ಅವರ ತಾಯಿಯ ಕಾಲದಿಂದ ಉಳಿಸಿಕೊಂಡು ಬಂದ ಕಡಲೆಕಾಯಿ ಅದು. ಸಣ್ಣ ಕಾಯಿ, ಕೆಂಪು ಸಿಪ್ಪೆಯ ಬೀಜ, ಎಣ್ಣೆ ಜಾಸ್ತಿ. ಹಿಂದಿನ ವರ್ಷ ತುಕ್ಕು ಬಿದ್ದು ಬಿತ್ತನೆಗಾಗುವಷ್ಟು ಮಾತ್ರ ಉಳಿದಿತ್ತು. ಈ ಸಲವೂ ಕಾಳು ಸೊರಗಿದರೆ ಹೊಸ ಜಾಗಕ್ಕೆ ಬೀಜವೇ ಇರುವುದಿಲ್ಲ. ಅಂಗಡಿಯ ಔಷಧಿ ಹೊಡೆಯಬೇಡಿ, ನಾವು ನೋಡಿಕೊಳ್ಳುತ್ತೇವೆ ಎಂದು ಮೂರ್ತಿ ಸರ್ ಹೇಳಿದರು. ಇಷ್ಟು ದೊಡ್ಡವರು ಹೇಳಿದ ಮೇಲೆ ಇನ್ನೇನು ಎಂದು ರತ್ನಮ್ಮ ಒಪ್ಪಿದರು.

ಮುಂಗಾರು ಆ ವರ್ಷ ಚೆನ್ನಾಗಿ ಹಿಡಿಯಿತು. ಆಷಾಢದ ಗಾಳಿ ಖಾಲಿ ಸೈಟುಗಳ ಮೇಲೆ ಹುಯ್ಯೆಂದು ಬೀಸಿ ನನ್ನ ರೂಮಿನ ಕದ ಅಲ್ಲಾಡಿಸುತ್ತಿತ್ತು. ಎರಡು ಸೀರೆಗಳನ್ನು ಸರದಿಯ ಮೇಲೆ ಒಣಗಿಸುತ್ತಿದ್ದೆ. ಹೊಲದಲ್ಲಿ ಗಿಡ ಹೂ ಬಿಡುವ ಹೊತ್ತಿಗೆ ನಾನು ಪ್ರಯೋಗಾಲಯದಲ್ಲಿ ಇನ್ನೊಂದು ಕೆಲಸ ಶುರು ಮಾಡಿದೆ. ನನ್ನ ಪ್ರಬಂಧಕ್ಕೆ ಒಂದು ಅಧ್ಯಾಯ ಬೇಕಿತ್ತು, ಅಷ್ಟೇ. ಬೇರೆ ಬೇರೆ ತುಕ್ಕುಗಳಿಂದ ತೆಗೆದ ಈ ತುಕ್ಕು ತಿನ್ನುವ ಶಿಲೀಂಧ್ರವನ್ನು ಒಂದರದ್ದು ಇನ್ನೊಂದಕ್ಕೆ ಹಚ್ಚಿ ನೋಡುವುದು. ತುಕ್ಕು ಹಿಡಿದ ಎಲೆಗಳನ್ನು ತಂದು, ತೊಟ್ಟಿಗೆ ಒದ್ದೆ ಹತ್ತಿ ಸುತ್ತಿ, ಗಾಜಿನ ತಟ್ಟೆಗಳಲ್ಲಿಟ್ಟು, ಕುಂಚದಲ್ಲಿ ಹಚ್ಚಿ ಮುಚ್ಚಿಡುತ್ತಿದ್ದೆ.

ಸೀಸೆಯಲ್ಲಿ ಎಲ್ಲವೂ ತಂಟೆಯಿಲ್ಲದೆ ಬೆಳೆಯುತ್ತಿದ್ದವು. ಎಲೆಯ ಮೇಲೆ ಹಾಗಾಗಲಿಲ್ಲ. ಜೋಳದ್ದು ಜೋಳದ ತುಕ್ಕಿನ ಮೇಲೆ ದಟ್ಟವಾಗಿ ಕಪ್ಪು ಚುಕ್ಕೆ ಎಬ್ಬಿಸಿತು. ಹುರುಳಿಕಾಯಿಯ ತುಕ್ಕಿನ ಮೇಲೆ ಅಲ್ಲೊಂದು ಇಲ್ಲೊಂದು. ಕಡಲೆಕಾಯಿಯ ತುಕ್ಕಿನ ಮೇಲೆ ಏನೂ ಇಲ್ಲ; ಕಿತ್ತಳೆ ಪುಡಿ ಹಾಗೇ ಉದುರುತ್ತಿತ್ತು. ಮಲ್ಲಿಗೆಯದು ಮಲ್ಲಿಗೆಯ ತುಕ್ಕನ್ನು ಬಿಟ್ಟು ಬೇರೆಯದನ್ನು ಸರಿಯಾಗಿ ಮುಟ್ಟಲೇ ಇಲ್ಲ. ಹೆಸರು ಒಂದೇ ಇದ್ದರೂ ಒಳಗೆ ಇವು ಬೇರೆ ಬೇರೆ ವಂಶಗಳು, ಒಂದೊಂದೂ ತನ್ನದೇ ತುಕ್ಕಿಗೆ ಒಗ್ಗಿಹೋಗಿವೆ ಎಂದು ನನಗೆ ನಿಧಾನವಾಗಿ ಅರ್ಥವಾಯಿತು. ಈಗಾದರೆ ಜೀನುಗಳನ್ನೇ ಓದಿ ಹೇಳುತ್ತಾರೆ. ಆಗ ನಮಗಿದ್ದದ್ದು ಎಲೆ, ತಟ್ಟೆ, ಕಣ್ಣು.

ಮೂರ್ತಿ ಸರ್‌ಗೆ ಹೇಳಿದೆ. ತಟ್ಟೆಯೊಳಗಿನ ಎಲೆ ಬೇರೆ, ಹೊಲ ಬೇರೆ ಎಂದರು. ಅದೂ ನಿಜವೇ. ಮತ್ತೆ ಮಾಡಿದೆ. ಗೌರಿ ಹಬ್ಬಕ್ಕೆ ಊರಿಗೆ ಹೋಗಲಿಲ್ಲ. ಕರೆದುಕೊಂಡು ಹೋಗಲು ಅಣ್ಣ ಬರಬೇಕಾಗಿತ್ತು, ಅವನಿಗೆ ರಜೆ ಸಿಗಲಿಲ್ಲ. ಕೇಂದ್ರದಲ್ಲಿ ವಾಚ್‌ಮನ್ ಬಿಟ್ಟು ಯಾರೂ ಇರಲಿಲ್ಲ. ಕಾರಿಡಾರಿನಲ್ಲಿ ನನ್ನ ಚಪ್ಪಲಿಯ ಸದ್ದೇ ನನಗೆ ಯಾರೋ ಬಂದಂತೆ ಕೇಳುತ್ತಿತ್ತು. ತಟ್ಟೆಗಳನ್ನು ತೆರೆದಾಗ ಮತ್ತೆ ಅದೇ ಫಲಿತಾಂಶ. ಈ ಸಲ ಎಲೆಗಳನ್ನೇ ತೆಗೆದುಕೊಂಡು ಹೋಗಿ ಸರ್ ಮೇಜಿನ ಮೇಲಿಟ್ಟೆ. ಅವರು ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು ನೋಡಿದರು.

"ನಿನ್ನ ಕೈಯಲ್ಲೇ ಏನೋ ಎಡವಟ್ಟಾಗಿದೆ ಅಮ್ಮ. ತೇವ ಸಾಕಾಗಿಲ್ಲ. ಇನ್ನೊಂದ್ ಸಲ ಮಾಡು" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟು ಮಾಡಿದ್ದರೆ ವಾದಿಸಬಹುದಿತ್ತು.

ಸೀಸೆಗಳಲ್ಲಿ ಬೆಳೆಸಿದ ಆ ಜೋಳದ್ದನ್ನೇ ಹೊಲಕ್ಕೆ ಸಿಂಪಡಿಸಿದೆವು. ಸರ್ ತಾವೇ ಪಂಪು ಹೊತ್ತು ಸಾಲು ಸಾಲಾಗಿ ನಡೆದರು. ಪ್ಯಾಂಟಿನ ಮಡಿಕೆಯಲ್ಲಿ ಕೆಮ್ಮಣ್ಣು. ಒಂದು ವಾರ ಬಿಟ್ಟು ಮತ್ತೆ ಸಿಂಪಡಿಸಿದರು. ನಡುವೆ ಜಿಟಿಜಿಟಿ ಮಳೆ, ಮೋಡ, ತಂಪು. ತುಕ್ಕಿಗೆ ಅದಕ್ಕಿಂತ ಒಳ್ಳೆಯ ಹವೆ ಬೇಕಿಲ್ಲ. ಕೆರೆಯ ಕಡೆಯ ತಗ್ಗಿನಲ್ಲಿ ಮೊದಲು ಎಲೆ ಹಳದಿ ತಿರುಗಿತು. ಸಾಲಿನ ನಡುವೆ ನಡೆದರೆ ಸೀರೆಯ ಅಂಚಿಗೆ ಕಿತ್ತಳೆ ಬಣ್ಣ. ನಾನು ದಿನ ಬಿಟ್ಟು ದಿನ ಹೋಗಿ ಎಲೆ ತಿರುವಿ ನೋಡುತ್ತಿದ್ದೆ. ನಾವು ಸಿಂಪಡಿಸಿದ್ದು ಎಲ್ಲೂ ಹತ್ತಿರಲಿಲ್ಲ. ರತ್ನಮ್ಮ ಬದುವಿನ ಮೇಲೆ ನಿಂತು ನನ್ನ ಮುಖ ನೋಡುತ್ತಿದ್ದರು. ತುಕ್ಕು ಇಳೀತದಾ ಎಂದು ಕೇಳುತ್ತಿದ್ದರು. ಸರ್ ನೋಡ್ತಿದ್ದಾರೆ ಎಂದು ಹೇಳಿ ಬರುತ್ತಿದ್ದೆ.

ಸರ್ ಇನ್ನೊಂದು ಸಿಂಪರಣೆ ಆಗಲಿ, ಆಮೇಲೆ ನೋಡೋಣ ಎಂದರು. ಅಷ್ಟರಲ್ಲಿ ಕಾಯಿ ಬಲಿಯುವ ಹೊತ್ತು ದಾಟಿಹೋಗುತ್ತಿತ್ತು. ಒಂದು ಭಾನುವಾರ ಬೆಳಿಗ್ಗೆ, ತರಕಾರಿಗೆಂದು ಚೀಲ ಹಿಡಿದು ಹೊರಟವಳು ಬಸ್ ಸ್ಟಾಪಿನಲ್ಲಿ ನಿಲ್ಲದೆ ಹಾಗೇ ಪುಟ್ಟೇನಹಳ್ಳಿಯ ದಾರಿ ಹಿಡಿದೆ. ರತ್ನಮ್ಮ ಮನೆಯ ಮುಂದೆ ರಾಗಿ ಹಸನು ಮಾಡುತ್ತಿದ್ದರು. ಕೂತುಕೊಳ್ಳಲು ಮಣೆ ಹಾಕಿದರು. ನಾನು ಕೂರಲಿಲ್ಲ.

"ಆ ಔಷಧಿ ನಿಮ್ಮ ಗಿಡಕ್ಕೆ ಹಿಡಿಯೋದಿಲ್ಲ ರತ್ನಮ್ಮ. ಕಾಯಬೇಡಿ. ಅಂಗಡಿಯಿಂದ ತಂದು ಹೊಡೆಸಿಬಿಡಿ" ಎಂದೆ.

ಅವರ ಕೈಯ ಮೊರ ನಿಂತಿತು. "ಇದು ನಿಮಗೆ ಯಾವಾಗ ಗೊತ್ತಾಯ್ತು ಮೇಡಂ?"

ಗೌರಿ ಹಬ್ಬದ ಹೊತ್ತಿಗೇ ಎಂದೆ.

"ಹಬ್ಬ ಆಗಿ ಎಷ್ಟ್ ದಿನ ಆಯ್ತು? ದಿನಾ ಬಂದು ಎಲೆ ಮಗುಚಿ ನೋಡ್ಕಂಡ್ ಹೋಗ್ತಿದ್ರಲ್ಲ, ಆವಾಗ ಬಾಯಿ ಇರ್ಲಿಲ್ವಾ?"

ದೊಡ್ಡವರನ್ನು ಮೀರುವುದು ಹೇಗೆ ಎಂದು ತಿಳಿಯದೆ ಹೋಯಿತು ಎಂದು ಹೇಳಬಹುದಿತ್ತು. ಅದನ್ನು ಕಟ್ಟಿಕೊಂಡು ಅವರಿಗೇನಾಗಬೇಕು? ಅವರು ಮೊರವನ್ನು ಕೆಳಗಿಟ್ಟು, ಒಳಗೆ ಹೋಗಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಗೆ ಬಂದು, ನನ್ನ ಕಡೆ ತಿರುಗಿಯೂ ನೋಡದೆ ಮಡಿವಾಳದ ಕಡೆ ಹೊರಟರು. ಔಷಧಿ ಸಿಗುವ ಅಂಗಡಿ ಅಲ್ಲಿತ್ತು.

ಮಾರನೆಯ ದಿನ ಬೆಳಿಗ್ಗೆ, ಬೇರೆ ಯಾರಾದರೂ ಹೇಳುವ ಮೊದಲು ನಾನೇ ಮೂರ್ತಿ ಸರ್ ಕೋಣೆಗೆ ಹೋಗಿ ಹೇಳಿದೆ. ಅವರು ಕಿಟಕಿಯ ಕಡೆ ತಿರುಗಿದರು.

"ನನಗೊಂದು ಮಾತು ಹೇಳಿ ಹೋಗಬಹುದಿತ್ತಲ್ಲ."

"ಎರಡು ಸಲ ಹೇಳಿದ್ದೆ ಸರ್."

ಹೂಂ ಎಂದರು. ಇನ್ನು ಹೋಗಬಹುದು ಎಂಬಂತೆ ಮೇಜಿನ ಮೇಲಿನ ಪೇಪರು ಎಳೆದುಕೊಂಡರು.

ಅಂದು ಮಧ್ಯಾಹ್ನ ಅವರು ಊಟಕ್ಕೆ ಕೋಣೆಯಿಂದ ಹೊರಗೆ ಬರಲಿಲ್ಲ. ಮರುದಿನವೂ ಇಲ್ಲ. ಕೆಲವು ದಿನ ನಾನು ನಮ್ಮ ಎಂದಿನ ಮೇಜಿನ ಹತ್ತಿರ ಡಬ್ಬಿ ಇಟ್ಟುಕೊಂಡು ಕಾದೆ. ಆಮೇಲೆ ಕೇಂದ್ರದಲ್ಲಿ ಗಿಡ ಬೆಳೆಸುವ ಗಾಜಿನ ಮನೆಯ ಹಿಂದಿನ ಕಟ್ಟೆಯ ಮೇಲೆ ಕೂತು ತಿನ್ನಲು ಶುರು ಮಾಡಿದೆ. ಅವರು ನನಗೆ ಯಾವ ತೊಂದರೆಯನ್ನೂ ಕೊಡಲಿಲ್ಲ. ಸಹಿ ಬೇಕಾದಾಗ ಸಹಿ ಹಾಕಿದರು, ಸಾಮಾನು ಬೇಕಾದಾಗ ಕೊಡಿಸಿದರು. ಎಲ್ಲ ಗುಮಾಸ್ತರ ಮೂಲಕ. ಕಾರಿಡಾರಿನಲ್ಲಿ ಎದುರಾದರೆ ತಲೆ ಅಲ್ಲಾಡಿಸಿ ಮುಂದೆ ಹೋಗುತ್ತಿದ್ದರು. ಸರ್ ಏನಂದುಕೊಳ್ಳುತ್ತಾರೋ ಎಂದು ಉಳಿದವರೂ ನನ್ನ ಜೊತೆ ಮಾತು ಕಡಿಮೆ ಮಾಡಿದರು. ಬಸ್ಸಿನಲ್ಲಿ ಕಂಡಕ್ಟರಿಗೆ ಜೆ.ಪಿ. ನಗರ ಎಂದದ್ದೇ ದಿನದ ಮೊದಲ ಮತ್ತು ಕೊನೆಯ ಮಾತಾದ ದಿನಗಳಿದ್ದವು. ಒಮ್ಮೆ ಟಿಕೆಟ್ ಕೇಳಲು ಬಾಯಿ ತೆರೆದರೆ ದನಿಯೇ ಹೊರಡಲಿಲ್ಲ. ಕಂಡಕ್ಟರು, ಹುಷಾರಿಲ್ವಾ ಅಕ್ಕ ಎಂದು ಕೇಳಿದ. ಆ ಒಂದು ಮಾತಿಗೆ ಕಣ್ಣು ತುಂಬಿಕೊಂಡು, ಇಳಿಯುವ ತನಕ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದೆ.

ಅಮ್ಮನಿಗೆ ಇದನ್ನೆಲ್ಲ ಬರೆಯಲಿಲ್ಲ. ಬೆಂಗಳೂರಿನಲ್ಲಿ ಚಳಿ ಶುರುವಾಗಿದೆ, ಸ್ವೆಟರು ಹಾಕಿಕೊಳ್ಳುತ್ತಿದ್ದೇನೆ ಎಂದು ಬರೆದೆ.

ಕಡಲೆಕಾಯಿ ಕೀಳುವ ಹೊತ್ತಿಗೆ ರತ್ನಮ್ಮ ಹೇಳಿ ಕಳಿಸಲಿಲ್ಲ. ನಾನೇ ಹೋದೆ. ಮೇಲಿನ ಹೊಲದಲ್ಲಿ ಹೆಂಗಸರು ಸಾಲಾಗಿ ಕೂತು ಗಿಡ ಕೀಳುತ್ತಿದ್ದರು. ರತ್ನಮ್ಮ ನನ್ನನ್ನು ನೋಡಿ ಪಕ್ಕಕ್ಕೆ ಸ್ವಲ್ಪ ಸರಿದರು. ಆ ಜಾಗದಲ್ಲಿ ಕೂತು ನಾನೂ ಕಿತ್ತೆ. ಬಾವಿಯ ಹತ್ತಿರದ ಮೇಲಿನ ಭಾಗದಲ್ಲಿ ಔಷಧಿ ಹೊತ್ತಿಗೆ ಸರಿಯಾಗಿ ಬಿದ್ದಿತ್ತು. ಗಿಡ ಎಳೆದರೆ ಬುಡದಲ್ಲಿ ಗೊಂಚಲು ಗೊಂಚಲು ಕಾಯಿ. ಕೆರೆಯ ಕಡೆಯ ತಗ್ಗಿನಲ್ಲಿ ಮಾತ್ರ ತಡವಾಗಿಹೋಗಿತ್ತು. ಅಲ್ಲಿನ ಕಾಯಿ ಒತ್ತಿದರೆ ಪುಸ್ ಎಂದು ಗಾಳಿ. ರತ್ನಮ್ಮ ಎರಡನ್ನೂ ಬೇರೆ ಬೇರೆ ರಾಶಿ ಹಾಕಿಸಿದರು. ಮೇಲಿನ ರಾಶಿಯಿಂದ ತುಂಬಿದ ಕಾಯಿಗಳನ್ನು ಬಿತ್ತನೆಗೆಂದು ತಾವೇ ಆರಿಸಿದರು. ನಾನು ಆರಿಸಲು ಕೈ ಹಾಕಿದಾಗ ತಡೆಯಲಿಲ್ಲ. ಬಿಸಿಲೇರಿದ ಮೇಲೆ ಎಲ್ಲರ ಜೊತೆ ನನಗೂ ಮುದ್ದೆ, ಹುಳಿ ಬಡಿಸಿದರು.

ತಗ್ಗಿನ ಹಾಳಾದ ಗಿಡಗಳ ನಡುವೆ, ಔಷಧಿ ಮುಟ್ಟದ ಒಂದು ಮೂಲೆಯಲ್ಲಿ, ನಾನು ಎಲೆ ತಿರುವಿದಾಗ ಕಿತ್ತಳೆಯ ಮೇಲೆ ಕಪ್ಪು ಚುಕ್ಕೆಗಳು ಕಂಡವು. ನಮ್ಮ ಸೀಸೆಯದಲ್ಲ. ಈ ತುಕ್ಕಿಗೇ ಒಗ್ಗಿದ, ಎಲ್ಲಿಂದಲೋ ತಾನಾಗಿ ಬಂದು ಸೇರಿದ ವಂಶ. ಚೀಲದ ತುಂಬ ಎಲೆ ತುಂಬಿಕೊಂಡೆ. ಅದು ಸೀಸೆಯಲ್ಲಿ ಬಹಳ ನಿಧಾನವಾಗಿ, ಕಪ್ಪುಕಪ್ಪಾಗಿ, ನೋಡಲು ಚೆಂದವಿಲ್ಲದಂತೆ ಬೆಳೆಯಿತು. ಆದರೆ ಕಡಲೆಕಾಯಿಯ ತುಕ್ಕಿಗೆ ಹಚ್ಚಿದ ಕೂಡಲೇ ಹಿಡಿಯಿತು. ಮುಂದೆ ಬೇರೆ ಊರಿನ ಕಡಲೆಕಾಯಿ ಹೊಲದಿಂದ ತಂದದ್ದನ್ನು ಇದರ ಜೊತೆ ಇಟ್ಟು ನೋಡಿದರೆ ಅವೆರಡರಲ್ಲೂ ವ್ಯತ್ಯಾಸ. ಒಂದೇ ಬೆಳೆಯ ತುಕ್ಕನ್ನು ತಿನ್ನುವವುಗಳಲ್ಲೇ ಇಷ್ಟು ಬಗೆ. ನನ್ನ ಪ್ರಬಂಧವೆಲ್ಲ ಅದರ ಮೇಲೆಯೇ ಆಯಿತು.

ಸಂಕ್ರಾಂತಿಯ ಮೊದಲೇ ರತ್ನಮ್ಮ ಆನೇಕಲ್ ಕಡೆ ಹೊರಟುಹೋದರು. ನಾನು ಹೋದಾಗ ಹೊಲದಲ್ಲಿ ಸರ್ವೆಯವರ ಗೂಟಗಳಿದ್ದವು. ಅವರ ವಿಳಾಸ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಮತ್ತೆ ಅವರನ್ನು ನೋಡಲಿಲ್ಲ.

ಮೂರ್ತಿ ಸರ್ ನಿವೃತ್ತರಾದ ದಿನ ಕೇಂದ್ರದಲ್ಲಿ ಹಾರ, ಶಾಲು, ಭಾಷಣ ಎಲ್ಲ ಆದವು. ಅವರ ಸಾಧನೆಗಳನ್ನೆಲ್ಲ ಓದಿದರು. ಆ ವರ್ಷದ ಹೊಲದ ಮಾತು ಬರಲಿಲ್ಲ. ನಾನು ಹಿಂದಿನ ಸಾಲಿನಲ್ಲಿ ನಿಂತಿದ್ದೆ.

ಅದಾದ ಕೆಲವು ತಿಂಗಳಿಗೆ ನನ್ನ ಮೊದಲ ಲೇಖನ ಸಿದ್ಧವಾಯಿತು. ಒಂದೇ ಹೆಸರಿನ ಆ ಶಿಲೀಂಧ್ರ ತುಕ್ಕಿನಿಂದ ತುಕ್ಕಿಗೆ ಹೇಗೆ ಬೇರೆಯಾಗಿದೆ ಎಂಬುದೇ ಅದರ ವಿಷಯ. ಪದ್ಧತಿಯಂತೆ ನನ್ನ ಹೆಸರಿನ ಜೊತೆ ಅವರ ಹೆಸರೂ ಟೈಪಾಗಿತ್ತು. ಒಪ್ಪಿಗೆ ಪಡೆಯಲೆಂದು ಒಂದು ಸಂಜೆ ಯಡಿಯೂರಿಗೆ ಹೋದೆ. ಬಾಗಿಲು ತೆರೆದದ್ದು ಅವರ ಹೆಂಡತಿ. ನನಗಾಗಿ ತಿಂಗಳುಗಟ್ಟಲೆ ಡಬ್ಬಿಗೆ ಸೇರಿಸಿ ಹಾಕಿದವರನ್ನು ನಾನು ನೋಡಿದ್ದು ಅದೇ ಮೊದಲು. ಕೆರೆ ಸುತ್ತ ವಾಕಿಂಗ್ ಹೋಗಿದ್ದಾರೆ, ಬರ್ತಾರೆ ಕೂತ್ಕೋಮ್ಮ ಎಂದು ಕಾಫಿ ತಂದಿಟ್ಟರು. ಕೊನೆಕೊನೆಗೆ ನೀನೇ ಡಬ್ಬಿ ತರೋಕೆ ಶುರು ಮಾಡಿದೆ, ನಿನಗೆ ಹಾಕೋದು ಬೇಡ ಅಂತ ಇವರು ಹೇಳಿದ್ರು ಎಂದರು. ನಾನು ಹೌದು ಎಂದೆ.

ಸರ್ ಬಂದರು. ತೆಳ್ಳಗಾಗಿದ್ದರು. ನನ್ನನ್ನು ನೋಡಿ ಅಚ್ಚರಿ ತೋರಿಸಲಿಲ್ಲ. ಹಾಳೆಗಳನ್ನು ತೆಗೆದುಕೊಂಡು, ಕಿಟಕಿಯ ಬೆಳಕಿಗೆ ಹಿಡಿದು, ನಿಂತುಕೊಂಡೇ ಕೊನೆಯವರೆಗೂ ಓದಿದರು. ಜೋಳದ ವಂಶ ಕಡಲೆಕಾಯಿಯ ತುಕ್ಕಿಗೆ ಹತ್ತಲಿಲ್ಲ ಎಂಬ ಪುಟದಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಂತರು. ಕಾಫಿ ಆರುತ್ತಿತ್ತು.

"ಆ ಹೆಂಗಸಿಗೆ ಬೀಜ ಸಿಕ್ತಾ?" ಎಂದು ಕೇಳಿದರು. ಅಷ್ಟು ಕಾಲದ ಮೇಲೆ ಅವರು ನೇರವಾಗಿ ನನಗೆ ಆಡಿದ ಮೊದಲ ಮಾತು ಅದು.

"ಸಿಕ್ತು ಸರ್. ಮೇಲಿನ ಹೊಲದ್ದು ಚೆನ್ನಾಗಿ ತುಂಬಿತ್ತು. ನಾನೂ ಆರಿಸಿಕೊಟ್ಟೆ."

ತಲೆಯಾಡಿಸಿದರು. ಜೇಬಿನಿಂದ ಪೆನ್ನು ತೆಗೆದು, ಮೊದಲ ಪುಟದಲ್ಲಿ ತಮ್ಮ ಹೆಸರಿನ ಮೇಲೆ ನೇರವಾಗಿ ಒಂದು ಗೆರೆ ಎಳೆದರು. ಹಾಳೆಗಳ ಅಂಚು ಸರಿಮಾಡಿ ನನ್ನ ಕೈಗೆ ಕೊಟ್ಟರು.

"ಇದು ನಿನ್ನದಮ್ಮ. ನನ್ನದು ಬೇಡ."

ಸಿಟ್ಟಿನಿಂದ ಹಾಗೆ ಮಾಡಿದರೋ, ನ್ಯಾಯವೆಂದು ಮಾಡಿದರೋ ನನಗೆ ಅಂದೂ ತಿಳಿಯಲಿಲ್ಲ, ಇಂದೂ ತಿಳಿದಿಲ್ಲ. ಕೇಳುವ ಧೈರ್ಯ ಬರುವ ಮೊದಲೇ ಅವರು ತೀರಿಕೊಂಡರು. ಅಂದು ಸಂಜೆ ಅವರು ಬಸ್ ಸ್ಟಾಪಿನ ತನಕ ಬಂದು, ಬಸ್ಸು ಬರೋವರೆಗೂ ನಿಲ್ತೀನಿ ಎಂದರು. ಇಬ್ಬರೂ ಅಕ್ಕಪಕ್ಕ ನಿಂತಿದ್ದೆವು. ಬಸ್ಸು ತಡವಾಗಿ ಬಂತು. ಇನ್ನೂ ತಡವಾಗಿದ್ದರೂ ಆಗುತ್ತಿತ್ತು ಎಂದು ನನಗನ್ನಿಸಿತು.